ಹಿಂದಿನ ಗವಾಕ್ಷ

ಕಿಟಕಿಗೆ ಸಂಸ್ಕೃತದಲ್ಲಿ ಸೊಗಸಾದ ಎರಡು ಹೆಸರುಗಳುಂಟು. ಗಾಳಿ ಬರುವ ದಾರಿಯಾದುದರಿಂದ ಅದು ವಾತಾಯನ. ಗೋವಿನ ಕಣ್ಣನ್ನು ಹೋಲುವುದರಿಂದ ಗವಾಕ್ಷ. ಇಂಗ್ಲಿಷಿನ 'ವಿಂಡೋ' ಎಂಬ ಮಾತಾದರೂ ಉತ್ತರ ಯೂರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ 'ಗಾಳಿಗಣ್ಣು' ಎಂಬರ್ಥವುಳ್ಳ ಪದದಿಂದ ಬಂದುದು. ಎಲ್ಲಿಯ ಗಂಗಾತೀರ, ಎಲ್ಲಿಯ ಹಿಮದ ನಾಡು! ಆದರೂ ಗೋಡೆಯಲ್ಲಿ ಕಂಡಿ ಕೊರೆದ ಮನುಷ್ಯನಿಗೆ ಎರಡೆಡೆಯಲ್ಲಿಯೂ ನೆನಪಾದುವು ಗಾಳಿ ಮತ್ತು ಕಣ್ಣು. ಮೋಟಾರು ಬಂಡಿಯ ಹಿಂಬದಿಯ ಕಿಟಕಿಗಾದರೋ ಗಾಳಿಯ ಗೊಡವೆಯಿಲ್ಲ. ಅದು ಬರಿಯ ಕಣ್ಣು, ಬೆನ್ನಿಗಿರುವ ಕಣ್ಣು. ಆ ಕಣ್ಣು ಮಂಜಾದರೆ ಏನು ಒದಗಬಹುದೆಂಬುದನ್ನೂ, ಅಂಥದೊಂದನ್ನು ನಮ್ಮ ಊರಿನಲ್ಲಿಯೇ ಹೇಗೆ ನೆಟ್ಟಗೆ ಮಾಡಿಸಲಾಯಿತೆಂಬುದನ್ನೂ ವಾಚಕರಿಗೆ ನಿವೇದಿಸಬೇಕೆಂದಿದ್ದೇವೆ. ಮನೆಯಲ್ಲಿ ಬಂಡಿಯುಳ್ಳವರಿಗೆ ಇದರಿಂದ ಉಪಯೋಗವಾದೀತು. ಇಲ್ಲದವರೂ ಬೀದಿಯಲ್ಲಿ ನಡೆಯುವವರೇ ಆದುದರಿಂದ ಅವರಿಗೂ ಇದು ಪರಕೀಯ ವಿಷಯವಲ್ಲ.

ನಮ್ಮದು ದೊಡ್ಡಬಳ್ಳಾಪುರ, ಮಗ್ಗಗಳ ಊರು. ಇಲ್ಲಿ ಬೆಳಗಾಗುವುದು ಕೋಳಿಯ ಕೂಗಿನಿಂದ ಎನ್ನುವುದಕ್ಕಿಂತ ಮಗ್ಗದ ಸದ್ದಿನಿಂದ ಎನ್ನುವುದೇ ನ್ಯಾಯ. 2008ರಲ್ಲಿ ನೆರೆಯ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾದ ಮೇಲೆ ನಮ್ಮ ಸೀಮೆಗೆ ಹೊಸದೊಂದು ಸದ್ದು ಬಂದು ಸೇರಿತು. ಭಾನುವಾರ ಬೆಳಗಿನ ಜಾವ ಬೆಂಗಳೂರಿನ ಶ್ರೀಮಂತ ತರುಣರು ತಮ್ಮ ಸ್ಪೋರ್ಟ್ಸ್ ಕಾರುಗಳನ್ನೇರಿ ಆ ಹೆದ್ದಾರಿಯಲ್ಲಿ ನಂದಿಬೆಟ್ಟದ ಕಡೆಗೆ ಧಾವಿಸುತ್ತಾರೆ. ನೆಲಕ್ಕೆ ಅಂಟಿಕೊಂಡಂತಿರುವ ಮೈ, ಇಬ್ಬರಿಗೆ ಮಾತ್ರ ಎಡೆಯುಳ್ಳ ಆಸನ, ಮೇಘನಾದದಂಥ ಆರ್ಭಟ. ಅವುಗಳ ಮುಂಗಾಜು ರಂಗಮಂದಿರದ ಪರದೆಯಷ್ಟು ವಿಶಾಲವಾಗಿರುವುದನ್ನೂ, ಹಿಂಗಾಜು ಅಂಗಡಿಯ ಗಲ್ಲಾಪೆಟ್ಟಿಗೆಯ ಕಂಡಿಯಷ್ಟೇ ಇರುವುದನ್ನೂ ನಾವು ಪಕ್ಕದಲ್ಲಿ ನಿಂತು ನೋಡಿದ್ದೇವೆ. ಮುಂದಕ್ಕೆ ಓಡಬೇಕೆಂಬ ಹಂಬಲವುಳ್ಳವನು ಹಿಂದಕ್ಕೆ ನೋಡುವ ಏರ್ಪಾಡಿಗೆ ಎಷ್ಟು ಸ್ಥಳ ಕೊಟ್ಟಾನು!

ಈ ಜಾತಿಯ ಬಂಡಿಯೊಂದು ನಮ್ಮ ಮನೆಗೇ ಬಂದು ತಂಗುವುದೆಂದು ನಾವು ನೆನೆಸಿರಲಿಲ್ಲ. ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥನು. ಹಳೆಯ ವಸ್ತುಗಳ ಮೇಲೆ ಅವನಿಗೆ ಮೋಹ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟವೊಂದರ ಮನೆಯಲ್ಲಿ ಬಹುಕಾಲ ಧೂಳು ತಿನ್ನುತ್ತ ಬಿದ್ದಿದ್ದ ಎಂ.ಜಿ. ಟಿ.ಡಿ. ಎಂಬ ಕಾರನ್ನು ಅವನು ಕೊಂಡು ತಂದನು. ಇಂಗ್ಲೆಂಡಿನ ಅಬಿಂಗ್ಡನ್ ಎಂಬ ಊರಿನಲ್ಲಿ 1950ರಿಂದ 1953ರ ವರೆಗೆ ತಯಾರಾದ, 1,250 ಸಿ.ಸಿ. ಎಂಜಿನ್ನಿನ ಬಂಡಿ ಅದು. ಹೊರಗೆ ಉಕ್ಕಿನ ತಗಡು, ಒಳಗೆ ಮರದ ಚೌಕಟ್ಟು. ಮೇಲೆ ಮಡಿಸಿ ತೆಗೆಯಬಹುದಾದ ಬಟ್ಟೆಯ ಚಾವಣಿ, ನಮ್ಮವರು ಟಾಪು ಎನ್ನುವುದು. ನಗರದಲ್ಲಿ ಅವನ ವಸತಿ ಎತ್ತರದ ಕಟ್ಟಡದ ಒಂದು ಅಂತಸ್ತಿನಲ್ಲಿ, ಬಂಡಿಗೆ ನೆರಳಿಲ್ಲ. ಆದುದರಿಂದ ಹಸುಗಳಿಲ್ಲದೆ ಬರಿದಾಗಿದ್ದ ನಮ್ಮ ಕೊಟ್ಟಿಗೆಯೇ ಅದಕ್ಕೆ ಆಶ್ರಯವಾಯಿತು. ಗೋವು ಹೋಗಿ ಗವಾಕ್ಷವುಳ್ಳುದು ಬಂದಿತೆಂದು ನಾವು ಸಮಾಧಾನಪಟ್ಟುಕೊಂಡೆವು.

ಆದರೆ ಆ ಗವಾಕ್ಷದ ಅವಸ್ಥೆ ಏನೆಂದು ಹೇಳೋಣ! ಟಾಪಿನ ಹಿಂಬದಿಯಲ್ಲಿ ಹೊಲಿದಿದ್ದ ಪಾರದರ್ಶಕ ಹಾಳೆಯು ಅರಿಸಿನದ ಬಟ್ಟೆಯಂತೆ ಹಳದಿಯಾಗಿತ್ತು. ಮಡಿಸಿ ಮಡಿಸಿ ಬಿದ್ದ ಗೆರೆಯೊಂದು ಸೀಳಾಗಿ ಅಡ್ಡಕ್ಕೆ ಹರಿದಿತ್ತು. ಸೀಳಿನ ಮೇಲೆ ಯಾರೋ ಪುಣ್ಯಾತ್ಮರು ಅಂಟುಪಟ್ಟಿ ಬಳಿದಿದ್ದರು. ಅದರ ಮೂಲಕ ನೋಡಿದರೆ ಹಗಲು ಸಂಜೆಯಾಗಿಯೂ, ಮನುಷ್ಯನು ಮರದ ಮೋಟಿನಂತೆಯೂ ತೋರುತ್ತಿದ್ದುವು.

ಧನುರ್ಮಾಸದ ಒಂದು ಬೆಳಿಗ್ಗೆ. ಇಬ್ಬನಿ ಇನ್ನೂ ಕರಗಿರಲಿಲ್ಲ. ಅಳಿಯನು ಬಂಡಿಯನ್ನು ಕೊಟ್ಟಿಗೆಯಿಂದ ಹಿಂದು ಹಿಂದಾಗಿ ಬೀದಿಗೆ ಇಳಿಸುತ್ತಿದ್ದನು. ಎದುರುಮನೆಯ ಎಂಟು ವರುಷದ ಹುಡುಗಿ ತಮ್ಮ ಬಾಗಿಲಿನ ಮುಂದೆ ರಂಗೋಲಿ ಹಾಕುತ್ತಿದ್ದವಳು, ಹೊರಸುತ್ತಿನ ಎಳೆಗಳನ್ನು ತುಂಬುವುದಕ್ಕಾಗಿ ಬೀದಿಯ ನಡುವಿಗೆ ಸರಿದು ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಜಗಲಿಯ ಮೇಲಿದ್ದ ನಾವು ಕೂಗಿದೆವು. ಮೂವತ್ತೈದು ವರುಷ ಪಾಠ ಹೇಳಿದ ಗಂಟಲು ಅಂದು ಸಾರ್ಥಕವಾಯಿತು. ಬಂಡಿ ನಿಂತಾಗ ಅದರ ಹಿಂಭಾಗಕ್ಕೂ ಮಗುವಿನ ಬೆನ್ನಿಗೂ ಗೇಣು ಅಂತರವಿದ್ದಿತೋ ಇಲ್ಲವೋ. ಚಕ್ರವು ರಂಗೋಲಿಯ ಒಂದು ಸಾಲು ಚುಕ್ಕಿಗಳನ್ನು ತುಳಿದಿತ್ತು. ಹುಡುಗಿ ತಲೆಯೆತ್ತಿ, "ನನ್ನ ರಂಗೋಲಿ ಅಳಿಸಿಬಿಟ್ರಿ" ಎಂದು ಅಳಲಾರಂಭಿಸಿದಳು. ಅವಳು ಅತ್ತುದು ಚುಕ್ಕಿಗಳಿಗಾಗಿ. ನಮ್ಮ ಕೈಕಾಲು ನಡುಗಿದುದು ಬೇರೆ ಕಾರಣಕ್ಕಾಗಿ.

ಅಳಿಯನು ಇಳಿದು ಬಂದನು. ಮುಖದಲ್ಲಿ ರಕ್ತವಿರಲಿಲ್ಲ. "ಮಾವ, ಹಿಂದೆ ಏನೂ ಕಾಣಿಸಲಿಲ್ಲ" ಎಂದನು.

"ಕಾಣಿಸದಿದ್ದರೆ ಇಳಿದು ನೋಡಬೇಕು. ಕಾಣಿಸುವಂತೆ ಮಾಡಿಸಲೂಬೇಕು. ಅಲ್ಲಿಯ ವರೆಗೆ ಈ ಬಂಡಿ ಕೊಟ್ಟಿಗೆಯನ್ನು ಬಿಟ್ಟು ಕದಲಕೂಡದು" ಎಂದು ನಾವು ಬೀಗದ ಕೈಯನ್ನು ತೆಗೆದು ದೇವರ ಮನೆಯ ಗೂಡಿನಲ್ಲಿಟ್ಟೆವು. ಅವನು ಎದುರಾಡಲಿಲ್ಲ.

ಅನಂತರ ಹುಟ್ಟಿದ ಚರ್ಚೆ ಸ್ವಾರಸ್ಯವಾದುದು. ಈ ಹಳೆಯ ಬಂಡಿಗಳಿಗೆಂದೇ ಟಾಪುಗಳನ್ನು ಇಂಗ್ಲೆಂಡಿನಲ್ಲಿ ಇಂದಿಗೂ ಹೊಲಿದು ಮಾರುವವರಿದ್ದಾರೆ. ಅಲ್ಲಿಂದ ಇಡಿಯ ಟಾಪನ್ನೇ ತರಿಸಬೇಕೆಂದು ಅಳಿಯನ ಇಚ್ಛೆ. ಬೆಲೆ, ಸಾಗಾಣೆಯ ವೆಚ್ಚ, ಸುಂಕ ಎಲ್ಲ ಸೇರಿದರೆ ಒಂದು ಸಣ್ಣ ಮದುವೆಯ ಖರ್ಚು, ಬರುವುದಕ್ಕೆ ತಿಂಗಳುಗಳು. "ಮೂಲರೂಪ ಕೆಡಬಾರದಲ್ಲ ಮಾವ" ಎಂದು ಅವನ ವಾದ. ಮೂಲರೂಪದ ವಿಷಯದಲ್ಲಿ ನಮಗೂ ಗೌರವವುಂಟು. ಪಾಠಾಂತರಗಳ ನಡುವೆ ಮೂಲಪಾಠವನ್ನು ಹುಡುಕುವುದರಲ್ಲಿಯೇ ನಮ್ಮ ಆಯುಸ್ಸಿನ ಅರ್ಧ ಕಳೆದಿದೆ. ಆದರೆ ಬಟ್ಟೆ ಇನ್ನೂ ಗಟ್ಟಿಯಾಗಿತ್ತು, ಕೆಟ್ಟುದು ಹಾಳೆಯೊಂದೇ. ಅದಾದರೂ ಕಾರ್ಖಾನೆಯ ಹಾಳೆಯಲ್ಲ, ಹಿಂದೆ ಯಾವನೋ ಯಜಮಾನನು ಹಾಕಿಸಿದ್ದುದೆಂದು ಅದರ ಸುತ್ತಣ ಎರಡನೆಯ ಸಾಲಿನ ಸೂಜಿರಂಧ್ರಗಳೇ ಸಾಕ್ಷಿ ಹೇಳುತ್ತಿದ್ದುವು. ಪ್ರಕ್ಷಿಪ್ತ ಶ್ಲೋಕವನ್ನು ತೆಗೆಯಲು ಇಡಿಯ ಗ್ರಂಥವನ್ನು ಯಾರೂ ಹೊಳೆಗೆ ಹಾಕುವುದಿಲ್ಲವಷ್ಟೆ.

ಈ ಹಾಳೆಯ ವಂಶವೃತ್ತಾಂತವು ನಮಗೆ ಬಹಳ ಕುತೂಹಲವನ್ನುಂಟುಮಾಡಿತು. ಮೋಟಾರಿನ ಮೊದಲ ದಶಕಗಳಲ್ಲಿ ಬಟ್ಟೆಯ ಚಾವಣಿಯ ಕಿಟಕಿಗೆ ಸೆಲ್ಯುಲಾಯ್ಡ್ ಹಾಳೆಯನ್ನು ಬಳಸುತ್ತಿದ್ದರು. ಗಾಜು ಮಡಿಸಲು ಬರುವುದಿಲ್ಲ, ಇದು ಬಾಗುತ್ತದೆ. ಇಂಥ ವಸ್ತುವನ್ನು ಮೊದಲು ಲೋಕಕ್ಕೆ ತೋರಿಸಿದವನು ಅಲೆಕ್ಸಾಂಡರ್ ಪಾರ್ಕ್ಸ್ ಎಂಬ ಆಂಗ್ಲೇಯ, 1862ರ ಲಂಡನ್ ಪ್ರದರ್ಶನದಲ್ಲಿ. ಅದನ್ನು ವ್ಯಾಪಾರಕ್ಕೆ ತಕ್ಕಂತೆ ಹದಗೊಳಿಸಿದವನು ಅಮೆರಿಕದ ಜಾನ್ ವೆಸ್ಲಿ ಹಯಟ್, 1870ರ ಸುಮಾರಿನಲ್ಲಿ. ಅದರ ಮೂಲದ್ರವ್ಯಗಳು ಯಾವುವೆಂದು ಬಲ್ಲಿರಾ? ಹತ್ತಿ ಮತ್ತು ಕರ್ಪೂರ! ಹತ್ತಿಯನ್ನು ತೀಕ್ಷ್ಣವಾದ ಆಮ್ಲಗಳಲ್ಲಿ ಸಂಸ್ಕರಿಸಿ, ಕರ್ಪೂರವನ್ನು ಬೆರೆಸಿ, ಕಾಯಿಸಿ ಒತ್ತಿದರೆ ಸೆಲ್ಯುಲಾಯ್ಡ್. ನಮ್ಮ ಊರಿನ ಮಗ್ಗದ ಮನೆಯಲ್ಲಿಯೂ ದೇವರ ಮನೆಯಲ್ಲಿಯೂ ದಿನವೂ ಕಾಣುವ ಎರಡು ವಸ್ತುಗಳು ಕೂಡಿ ಯೂರೋಪಿನ ಕಾರಿಗೆ ಕಣ್ಣಾಗಿದ್ದುವು. ಕರ್ಪೂರದ ಸಹವಾಸವಾದುದರಿಂದ ಗುಣವೂ ಅದರದೇ: ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವುದು, ವರುಷಗಳು ಕಳೆದಂತೆ ಕರ್ಪೂರವು ಆರಿಹೋಗಿ ಹಾಳೆ ಹಳದಿಯಾಗಿ ಸೆಡೆತು ಒಡೆಯುವುದು.

ಈಗ ಬಳಸುವುದು ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿನ ಹಾಳೆ. ಹುಟ್ಟಾ ಬಿರುಸಾದ ಈ ವಸ್ತುವಿಗೆ ಮೃದುತ್ವವನ್ನು ಕೊಡಲು ಎಣ್ಣೆಯಂಥ ದ್ರವ್ಯವೊಂದನ್ನು ಬೆರೆಸಿರುತ್ತಾರೆ. ಬಿಸಿಲಿನಲ್ಲಿ ಆ ದ್ರವ್ಯವು ಮೆಲ್ಲಮೆಲ್ಲನೆ ಹೊರಟುಹೋಗುತ್ತದೆ. ಸೂರ್ಯನ ಅತಿನೇರಳೆ ಕಿರಣಗಳು ಹಾಳೆಯ ಅಣುಗಳನ್ನೇ ಸಡಿಲಿಸುತ್ತವೆ. ಬಣ್ಣ ಹಳದಿಗೆ ತಿರುಗಿ, ಮಡಿಕೆಯಿದ್ದೆಡೆ ಸೀಳು ಬಿಡುತ್ತದೆ. ಮನುಷ್ಯನ ಚರ್ಮಕ್ಕೂ ವಾರ್ಧಕ್ಯದಲ್ಲಿ ಇದೇ ಗತಿಯಲ್ಲವೆ?

ಚರ್ಮಕ್ಕೆ ಮಾತ್ರವೇಕೆ, ಕಣ್ಣಿಗೂ. ಸಂಸ್ಕೃತದಲ್ಲಿ 'ಕಾಚ' ಎಂದರೆ ಗಾಜು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದೃಷ್ಟಿ ಮಂಜಾಗುವ ರೋಗದ ಒಂದು ಘಟ್ಟಕ್ಕೂ 'ಕಾಚ'ವೆಂದೇ ಹೆಸರು. ತಿಮಿರವು ಬಲಿತರೆ ಕಾಚ, ಕಾಚವು ಬಲಿತರೆ ದೃಷ್ಟಿಯೇ ಲೋಪ. ನೋಡಿಸುವುದಕ್ಕೂ ನೋಡಗೊಡದುದಕ್ಕೂ ಒಂದೇ ಶಬ್ದ! ಕಳೆದ ವರುಷ ನಮ್ಮ ಬಲಗಣ್ಣಿನ ಪೊರೆಯನ್ನು ತೆಗೆದು ಕೃತಕವಾದ ಮಸೂರವನ್ನಿಟ್ಟರು. ಆ ವಿದ್ಯೆಯ ಆರಂಭವೂ ವಾಹನದ ಕಿಟಕಿಯಿಂದಲೇ ಎಂಬುದು ಸೋಜಿಗದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಪಾರದರ್ಶಕ ಮುಚ್ಚಳ ಸಿಡಿದು ಅದರ ಚೂರುಗಳು ಚಾಲಕರ ಕಣ್ಣಿನಲ್ಲಿ ನೆಟ್ಟರೂ ಕಣ್ಣು ಕೆರಳದೆ ಸಹಿಸಿಕೊಂಡುದನ್ನು ಹೆರಾಲ್ಡ್ ರಿಡ್ಲಿ ಎಂಬ ಆಂಗ್ಲ ವೈದ್ಯನು ಗಮನಿಸಿದನು. 1949ರ ನವೆಂಬರಿನಲ್ಲಿ ಅದೇ ಬಗೆಯ ವಸ್ತುವಿನಿಂದ ಮಾಡಿದ ಮಸೂರವನ್ನು ಲಂಡನ್ನಿನ ರೋಗಿಯೊಬ್ಬರ ಕಣ್ಣಿನಲ್ಲಿಟ್ಟನು. ಮಂಜಾದ ಕಿಟಕಿಯನ್ನು ತೆಗೆದು ತಿಳಿಯಾದುದನ್ನು ಇಡಿಸಿಕೊಂಡವನ ಸುಖವೇನೆಂಬುದನ್ನು ನಾವು ಸ್ವತಃ ಬಲ್ಲೆವಾದುದರಿಂದ ಅಳಿಯನ ಬಂಡಿಯ ವಿಷಯದಲ್ಲಿ ಅಷ್ಟು ಹಟ ಹಿಡಿದೆವು.

ಊರಿನಲ್ಲಿ ಆಟೋಗಳಿಗೆ ಟಾಪು, ಟ್ರಾಕ್ಟರುಗಳಿಗೆ ಸೀಟು ಹೊಲಿಯುವ ನಮ್ಮ ಹಳೆಯ ಶಿಷ್ಯನೊಬ್ಬನಿದ್ದಾನೆ. ನೇಕಾರರ ಮನೆಯ ಮಗ. ಮಗ್ಗ ಕೈಹಿಡಿಯದೆ ಹೊಲಿಗೆಯನ್ನು ಅವಲಂಬಿಸಿದವನು. ಸಂಸ್ಕೃತದಲ್ಲಿ ಅವನಿಗೆ ಬಂದ ಅಂಕಗಳನ್ನು ಇಲ್ಲಿ ಹೇಳುವುದು ಅನಾವಶ್ಯಕ. ಬಂದವನು ಬಂಡಿಯನ್ನು ಒಂದು ಸುತ್ತು ಬಂದು, ಕೈಕಟ್ಟಿ ನಿಂತು, "ಮೇಷ್ಟ್ರೇ, ಆಟೋ ಟಾಪಾದ್ರೆ ಕಣ್ಮುಚ್ಕೊಂಡು ಹೊಲೀತೀನಿ. ಇದು ಕೆಟ್ಟೋದ್ರೆ ನನ್ನ ಮನೆ ಮಾರಿದ್ರೂ ತೀರಲ್ಲ. ಬೇಡ ಮೇಷ್ಟ್ರೇ" ಎಂದನು.

ಅವನ ಭಯವು ನಿಜವಾದುದು. ಬೆಲೆಯುಳ್ಳ ವಸ್ತುವನ್ನು ಬಡವನ ಕೈಗೆ ಕೊಡುವಾಗ ನಾವು ಅವನ ಕುಶಲತೆಯನ್ನು ಪರೀಕ್ಷಿಸುತ್ತೇವೆಯೇ ಹೊರತು ಅವನ ಆತಂಕವನ್ನು ವಿಚಾರಿಸುವುದಿಲ್ಲ. ನಾವು ಅಳಿಯನ ಮುಖವನ್ನು ನೋಡಿದೆವು. ಅವನು ಮುಂದೆ ಬಂದು, "ಕೆಟ್ಟರೆ ಅದು ನನ್ನದು, ಚೆನ್ನಾಗಿ ಬಂದರೆ ನಿಮ್ಮದು ಅಣ್ಣ. ಮಾವನ ಎದುರಿಗೆ ಹೇಳುತ್ತಿದ್ದೇನೆ" ಎಂದನು. ಇಂಗ್ಲೆಂಡಿನ ಟಾಪಿನ ಮಾತು ಅಲ್ಲಿಗೆ ಮುಗಿಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಂಡಿಯ ಸಾಮಾನುಗಳ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ ಪಾರದರ್ಶಕ ಹಾಳೆಯನ್ನೂ ಬಿಸಿಲಿಗೆ ಜಗ್ಗದ ಪಾಲಿಯೆಸ್ಟರ್ ದಾರವನ್ನೂ ಅಳಿಯನು ತಂದನು. ಶಿಷ್ಯನು ಮೊದಲು ಮಾಡಿದ ಕೆಲಸವೆಂದರೆ ಏನನ್ನೂ ಬಿಚ್ಚದೆ ಟಾಪನ್ನು ಬಂಡಿಯ ಮೇಲೆ ಬಿಗಿದು ಕಟ್ಟಿ, ಹಳೆಯ ಕಿಟಕಿಯ ಅಂಚನ್ನು ಕಂದು ಕಾಗದದ ಮೇಲೆ ಇಳಿಸಿಕೊಂಡುದು. "ಬಿಚ್ಚಿದ ಬಟ್ಟೆ ಸುಳ್ಳು ಹೇಳುತ್ತೆ ಮೇಷ್ಟ್ರೇ. ಎಳೆದು ಕಟ್ಟಿದಾಗಿನ ಅಳತೆಯೇ ಅಳತೆ" ಎಂದನು. ಸುರುಳಿಯಾಗಿ ಬಂದಿದ್ದ ಹಾಳೆಯನ್ನು ಒಂದು ಹಗಲು ಚಪ್ಪಟೆಯಾಗಿ ಹಾಸಿ ಬಿಸಿಲಿನಲ್ಲಿ ಹದಗೊಳಿಸಿದನು. ಅಂಚಿಗೆ ಅರ್ಧ ಅಂಗುಲ ಹೆಚ್ಚಾಗಿ ಕತ್ತರಿಸಿದನು. ಗುಂಡುಸೂಜಿಯನ್ನು ಮಾತ್ರ ಹತ್ತಿರಕ್ಕೆ ಬಿಡಲಿಲ್ಲ. ಬಟ್ಟೆಯಲ್ಲಿ ಚುಚ್ಚಿದ ತೂತು ಮುಚ್ಚಿಕೊಳ್ಳುತ್ತದೆ, ಈ ಹಾಳೆಯಲ್ಲಿ ಚುಚ್ಚಿದುದು ಶಾಶ್ವತ. ಬಟ್ಟೆ ಒಣಗಿಸುವ ಚಿಮಟಿಗಳಿಂದಲೇ ಹಾಳೆಯನ್ನು ಹಿಡಿಸಿದನು.

ಹೊಲಿಗೆಯಲ್ಲಿಯೂ ಒಂದು ಮರ್ಮವುಂಟು. ಸಣ್ಣ ಸಣ್ಣ ಹೊಲಿಗೆ ಗಟ್ಟಿಯೆಂದು ನಾವು ತಿಳಿದಿದ್ದೆವು. ಇಲ್ಲಿ ಅದು ವಿಪರೀತ: ಒತ್ತೊತ್ತಾಗಿ ತೂತು ಬಿದ್ದರೆ ಹಾಳೆಯು ಅಂಚೆಚೀಟಿಯಂತೆ ಆ ಸಾಲಿನಲ್ಲಿಯೇ ಹರಿದು ಬರುತ್ತದೆ. ಆದುದರಿಂದ ಹೊಲಿಗೆ ಉದ್ದವಾಗಿರಬೇಕು. ಯಂತ್ರದ ಪಾದ ಹಾಳೆಗೆ ಅಂಟಿ ಜಗ್ಗದಂತೆ ನಡುವೆ ತೆಳುವಾದ ಕಾಗದದ ಪಟ್ಟಿಯನ್ನಿಟ್ಟು, ಹೊಲಿದ ಮೇಲೆ ಅದನ್ನು ಹರಿದು ತೆಗೆದನು. ಚಳಿಯಲ್ಲಿ ಹಾಳೆ ಬಿರುಸೆಂದು ಮಧ್ಯಾಹ್ನದ ಬಿಸಿಲಿಗಾಗಿ ಕಾದನು. ಬಟ್ಟೆಯ ಹಾಸು ಯಾವುದು, ಹೊಕ್ಕು ಯಾವುದು ಎಂಬುದನ್ನು ಬೆರಳಿನಿಂದಲೇ ತಿಳಿದು, ಹಾಸಿನ ಎಳೆಗೆ ಸಮನಾಗಿ ಕಿಟಕಿಯನ್ನು ನಿಲ್ಲಿಸಿದನು. ಅಡ್ಡಾದಿಡ್ಡಿಯಾಗಿ ನಿಂತರೆ ಬಟ್ಟೆ ಒಂದೆಡೆ ಎಳೆದು ಹಾಳೆ ಸುಕ್ಕಾಗುವುದಂತೆ. ಮಗ್ಗದ ಮನೆಯ ಅರಿವು ಹೊಲಿಗೆಯ ಮನೆಯಲ್ಲಿ ಫಲಿಸಿತು. ಕಡೆಗೆ ಸೂಜಿಯ ತೂತುಗಳಿಗೆ ಮೇಣ ತೀಡಿ ನೀರು ಇಳಿಯದಂತೆ ಮಾಡಿದನು.

ಪರೀಕ್ಷೆಯನ್ನೂ ಅವನೇ ಏರ್ಪಡಿಸಿದನು. ಅಳಿಯನನ್ನು ಚಾಲಕನ ಆಸನದಲ್ಲಿ ಕೂಡಿಸಿ, ಬಂಡಿಯ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಎದುರುಮನೆಯ ಅದೇ ಹುಡುಗಿಯನ್ನು ನಿಲ್ಲಿಸಿ ಬೆರಳು ತೋರಿಸುವಂತೆ ಹೇಳಿದನು. "ಮೂರು." "ಐದು." "ಈಗ ಎರಡು." ಒಂದೂ ತಪ್ಪಲಿಲ್ಲ. ಹುಡುಗಿಗೆ ಇದೊಂದು ಆಟವಾಗಿ, ಕೈಗಳೆರಡನ್ನೂ ಬೆನ್ನ ಹಿಂದೆ ಅಡಗಿಸಿ, "ಈಗ ಹೇಳಿ" ಎಂದಳು. ಕೂಲಿಯೆಂದು ಅವನು ಕೇಳಿದುದು 1,500 ರೂಪಾಯಿ. ಅಳಿಯನು ಇನ್ನೊಂದು ಸಾವಿರವನ್ನು ಸೇರಿಸಿ ಕೊಟ್ಟನು. ಅವನು ಸಂಕೋಚದಿಂದಲೇ ತೆಗೆದುಕೊಂಡನು. ನಾವು ಬೀಗದ ಕೈಯನ್ನು ಗೂಡಿನಿಂದ ತೆಗೆದುಕೊಟ್ಟೆವು.

ಬಟ್ಟೆಯ ಟಾಪಿಲ್ಲದ ಸಾಧಾರಣ ಕಾರುಗಳೇ ವಾಚಕರಲ್ಲಿ ಹೆಚ್ಚು ಮಂದಿಗೆ ಇರುವುವಾಗಿ ಅವುಗಳ ವಿಷಯವನ್ನೂ ಎರಡು ಮಾತಿನಲ್ಲಿ ಹೇಳುತ್ತೇವೆ. ಮುಂಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯುಳ್ಳುದು. ಫ್ರಾನ್ಸಿನ ಎಡ್ವರ್ಡ್ ಬೆನೆಡಿಕ್ಟಸ್ ಎಂಬುವನು, ಕೆಳಗೆ ಬಿದ್ದ ಗಾಜಿನ ಬುದ್ದಲಿಯೊಂದು ಒಳಗಣ ಲೇಪದಿಂದಾಗಿ ಬಿರಿದರೂ ಚದರದಿದ್ದುದನ್ನು ಕಂಡು, 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಆ ಲೇಪವೂ ಸೆಲ್ಯುಲೋಸಿನದೇ, ಎಂದರೆ ಹತ್ತಿಯ ಬಂಧುವೇ! ಹಿಂಗಾಜಾದರೋ ಸಾಮಾನ್ಯವಾಗಿ ಹದಗೊಳಿಸಿದ ಒಂಟಿ ಗಾಜು. 600 ಡಿಗ್ರಿಗೂ ಮೀರಿ ಕಾಯಿಸಿ ಫಕ್ಕನೆ ಗಾಳಿಯೂದಿ ತಣಿಸಿದುದು. ಒಡೆದರೆ ಕಲ್ಲುಸಕ್ಕರೆಯ ಹರಳಿನಂತೆ ಪುಡಿಪುಡಿಯಾಗುವುದು. ಅಲಗಿನಂಥ ಚೂರುಗಳಾಗಿ ಇರಿಯುವುದಿಲ್ಲ. ಇದಕ್ಕೆ ತೇಪೆಯೆಂಬುದಿಲ್ಲ, ಇಡಿಯಾಗಿಯೇ ಹೊಸದಾಗಬೇಕು. ಅಂಟು ಒಣಗುವ ವರೆಗೆ, ಕೆಲಸಗಾರನು ಹೇಳಿದಷ್ಟು ಹೊತ್ತು, ಬಂಡಿಯನ್ನು ಓಡಿಸಬಾರದು. ಬಾಗಿಲನ್ನು ಧಡಾರನೆ ಹಾಕಲೂಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂಗಾಜಿನಂತೆ ಹಿಂಗಾಜಿನಲ್ಲಿಯೂ ನೂರಕ್ಕೆ ಎಪ್ಪತ್ತರಷ್ಟಾದರೂ ಬೆಳಕು ಹಾಯಬೇಕೆಂದು ವಿಧಿಸಿವೆ. ಹಿಂದು ಮುಂದುಗಳಿಗೆ ಒಂದೇ ಅಳತೆ ಇಟ್ಟ ನಿಯಮಕಾರರ ವಿವೇಕವನ್ನು ಗಮನಿಸಿರಿ.

ಟಾಪಿನ ಹಾಳೆಯನ್ನು ಕಾಪಾಡುವ ಬಗೆ ಸುಲಭ. ಒಣ ಬಟ್ಟೆಯಿಂದ ಧೂಳನ್ನು ಉಜ್ಜಬಾರದು. ಧೂಳೇ ಅರವಾಗಿ ಗೀರುವುದು. ಮೊದಲು ನೀರು ಹೊಯ್ದು, ಬಳಿಕ ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಒರಸಬೇಕು. ಸೀಮೆಎಣ್ಣೆ, ಸ್ಪಿರಿಟ್, ಬಣ್ಣದವರ ತಿನ್ನರು ಇವುಗಳನ್ನು ಸೋಕಿಸಕೂಡದು. ಚಳಿಯ ಬೆಳಗಿನಲ್ಲಿ ಟಾಪನ್ನು ಮಡಿಸಬಾರದು. ಮಡಿಸಲೇಬೇಕಾದರೆ ಹಾಳೆಯ ನಡುವೆ ಬಟ್ಟೆಯನ್ನಿಟ್ಟು, ಗೆರೆ ಬೀಳದಂತೆ ದುಂಡಗೆ ಮಡಿಸಬೇಕು. ರೇಷ್ಮೆ ಸೀರೆಯನ್ನು ಪೆಟ್ಟಿಗೆಯಲ್ಲಿಡಲು ಬಲ್ಲ ಗೃಹಿಣಿಯರಿಗೆ ಇದನ್ನು ಕಲಿಸಬೇಕಾದುದಿಲ್ಲ. ಅವರು ಗಂಡಸರಿಗೆ ಕಲಿಸಿದರೆ ಸಾಕು.

ಹಿಂದಕ್ಕೆ ನೋಡುವುದನ್ನು ನಮ್ಮವರು ಸಿಂಹಾವಲೋಕನವೆನ್ನುವರು. ಸಿಂಹವು ನಡೆದ ದಾರಿಯನ್ನು ತಿರುಗಿ ನೋಡುವುದು ತನ್ನ ಗಾಂಭೀರ್ಯಕ್ಕೆ, ತನ್ನ ರಕ್ಷಣೆಗೆ. 1909ರಲ್ಲಿ ಡೊರೊಥಿ ಲೆವಿಟ್ ಎಂಬ ಆಂಗ್ಲ ಮಹಿಳೆ, ಬಂಡಿ ನಡೆಸುವ ಹೆಂಗಸರು ಹಿಂದಿನ ದಾರಿಯನ್ನು ನೋಡಲು ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಬೇಕೆಂದು ಬರೆದಳು. 1911ರ ಇಂಡಿಯಾನಾಪೊಲಿಸ್ ಪಂದ್ಯದಲ್ಲಿ ರೇ ಹ್ಯಾರನ್ ಎಂಬುವನು ಕನ್ನಡಿಯನ್ನು ಕಟ್ಟಿಕೊಂಡು ಓಡಿಸಿ ಗೆದ್ದನು. ಅವನಿಗೆ ಬೇಕಾಗಿದ್ದುದು ತನ್ನನ್ನು ಹಿಂದಿಕ್ಕಲು ಬರುವವರ ಸುಳಿವು. ಅದು ಪಂದ್ಯದ ನ್ಯಾಯ. ಬೀದಿಯ ನ್ಯಾಯ ಬೇರೆ. ಮುಂದಿನ ಗಾಜು ಒಳಗೆ ಕುಳಿತವನ ಕ್ಷೇಮಕ್ಕಾಗಿ ಇರುವುದು. ಅದು ಮಂಜಾದರೆ ಕೆಡುಕು ತನಗೇ ಆದುದರಿಂದ ಅದನ್ನು ಎಲ್ಲರೂ ಬೇಗ ನೆಟ್ಟಗೆ ಮಾಡಿಸುತ್ತಾರೆ. ಹಿಂದಿನ ಗಾಜು ಬೆನ್ನ ಹಿಂದಿರುವವರ ಕ್ಷೇಮಕ್ಕಾಗಿ ಇರುವುದು. ಆದುದರಿಂದಲೇ ಅದು ವರುಷಗಟ್ಟಲೆ ಹಳದಿಯಾಗಿ ಉಳಿದರೂ ಯಾರ ನಿದ್ದೆಯೂ ಕೆಡುವುದಿಲ್ಲ. ಸೊಪ್ಪಿನ ಬುಟ್ಟಿಯ ಮುದುಕಿ, ಸೈಕಲ್ಲಿನ ಹುಡುಗ, ಬಾಗಿ ಚುಕ್ಕಿಯಿಡುವ ಮಗು, ಇವರಿಗೆ ನಮ್ಮ ಬೆನ್ನಿನ ಕಣ್ಣನ್ನು ಒರಸುವ ಅಧಿಕಾರವಿಲ್ಲ. ಅದು ನಮ್ಮ ಕೈಯಲ್ಲಿದೆ. ಈ ಭಾನುವಾರ ಬಂಡಿಯನ್ನು ತೊಳೆಯುವವರು ಹಿಂದಿನ ಗಾಜಿನಿಂದ ಆರಂಭಿಸಲಿ.